ಐದು ಮನೆಗಳ ಶಿಲ್ಪಿ

ಭಾನುವಾರದ ಪುರವಣಿಯ ಪದಬಂಧ ಬಿಡಿಸುವುದು ನಿವೃತ್ತರ ಕಾಲಕ್ಷೇಪವೆಂಬ ಅಭಿಪ್ರಾಯ ಬಹುಕಾಲದಿಂದ ಇದೆ. ನಾನೂ ನಿವೃತ್ತನೇ ಆದ್ದರಿಂದ ಅದನ್ನು ಅಲ್ಲಗಳೆಯಲು ಹೋಗುವುದಿಲ್ಲ. ಆದರೆ ಕೆಲವು ತಿಂಗಳ ಹಿಂದೆ ಒಂದು ಪದಬಂಧದ ಐದು ಮನೆಗಳನ್ನು ತುಂಬಲಾಗದೆ ಪೆನ್ನನ್ನು ಜೇಬಿಗಿಟ್ಟು ಕುಳಿತ ಮೇಲೆ, ಇದು ಬರಿಯ ಕಾಲಕ್ಷೇಪವಲ್ಲ, ಪತ್ರಿಕೆಗಳು ಗಂಭೀರವಾಗಿ ಯೋಚಿಸಬೇಕಾದ ವಿಷಯ ಎನ್ನಿಸಿತು. ಉತ್ತರ ಗೊತ್ತಿಲ್ಲದೆ ಪೆನ್ನು ಇಟ್ಟವನಲ್ಲ ನಾನು. ಪತ್ರಿಕೆಗೆ ಬೇಕಾದ ಉತ್ತರ ಯಾವುದೆಂಬುದು ಸ್ಪಷ್ಟವಾಗಿ ಗೊತ್ತಿತ್ತು. ಅದು ಸರಿಯಲ್ಲವೆಂಬುದೂ ಗೊತ್ತಿತ್ತು.

ಅಂದು ನಾನು ಹಳೇಬೀಡಿನ ಸಮೀಪದ ಹುಲಿಕೆರೆಯಲ್ಲಿದ್ದೆ. ಬೇಲೂರು ತಾಲ್ಲೂಕಿನ ಈ ಊರಿನಲ್ಲಿ ಹೊಯ್ಸಳರ ಕಾಲದ ಒಂದು ಮೆಟ್ಟಿಲು ಕೊಳವಿದೆ. ನಾಲ್ಕೂ ಕಡೆ ಕಲ್ಲಿನ ಪಾವಟಿಗೆಗಳು, ನಡುನಡುವೆ ಶಿಖರಗಳ ಸಮೇತ ಕಡೆದ ಪುಟ್ಟ ಪುಟ್ಟ ಗುಡಿಗಳು. ದೊಡ್ಡ ದೇವಾಲಯಗಳ ಮಾದರಿಗಳನ್ನು ಯಾರೋ ನೀರಿನ ಸುತ್ತ ಜೋಡಿಸಿಟ್ಟಂತೆ ಕಾಣುತ್ತದೆ. ಹಳೇಬೀಡಿನವರೆಗೆ ಬರುವ ಪ್ರವಾಸಿ ಬಸ್ಸುಗಳು ಸಾಮಾನ್ಯವಾಗಿ ಇಲ್ಲಿಗೆ ತಿರುಗುವುದಿಲ್ಲ. ನೆಂಟರ ಮನೆಗೆ ಹೋದಾಗಲೆಲ್ಲ ಹಳೇಬೀಡಿನಲ್ಲಿ ಪತ್ರಿಕೆ ಕೊಂಡು, ಈ ಕೊಳದ ಮೇಲಿನ ಮೆಟ್ಟಿಲ ಮೇಲೆ ಕುಳಿತು ಪದಬಂಧ ಬಿಡಿಸುವುದು ನನ್ನ ರೂಢಿ. ಅಂದು ಅಣ್ಣನ ಮೊಮ್ಮಗಳೂ ಜೊತೆಗಿದ್ದಳು. ಅರಸೀಕೆರೆಯಲ್ಲಿ ಪಿಯುಸಿ ಓದುವ ಹುಡುಗಿ.

ಆ ವಾರದ ಪದಬಂಧಕ್ಕೆ ಒಂದು ವಿಷಯವಿತ್ತು: ಹೊಯ್ಸಳರು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇಗುಲಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ನಂತರ ಈ ವಿಷಯಕ್ಕೆ ಬೇಡಿಕೆ ಬಂದಿರುವುದು ಸಹಜ. ಒಂದೇ ವಿಷಯದ ಸುತ್ತ ಹೆಣೆದ ಪದಬಂಧದ ಸೊಗಸೇ ಬೇರೆ. ಬಿಡಿ ಬಿಡಿಯಾದ ಸುಳಿವುಗಳ ಹಿಂದೆ ಒಂದು ದಾರವಿರುತ್ತದೆ. ಅದು ಕೈಗೆ ಸಿಕ್ಕರೆ ಒಂದೊಂದೇ ಮನೆ ತಾನಾಗಿ ತೆರೆದುಕೊಳ್ಳುತ್ತದೆ. ಮೊದಲ ಹತ್ತು ನಿಮಿಷಗಳಲ್ಲಿ ದೋರಸಮುದ್ರ, ಮದನಿಕೆ, ಬಳಪ, ಬಿಟ್ಟಿದೇವ ಎಲ್ಲವೂ ಕುಳಿತವು. ವಿಷ್ಣುವರ್ಧನನ ರಾಣಿ ಮೂರು ಅಕ್ಷರದವಳು. ಆಕೆ ಶಾಂತಲೆಯೋ ಶಾಂತಲಾಳೋ ಎಂಬಲ್ಲಿ ಕ್ಷಣ ತಡೆಯಬೇಕಾಯಿತು. ಕೆ.ವಿ. ಅಯ್ಯರ್ ಅವರ ಕಾದಂಬರಿಯ ಹೆಸರು 'ಶಾಂತಲಾ'. ಆದರೆ ಮೇಲಿನಿಂದ ಕೆಳಕ್ಕೆ ಇಳಿಯುವ ಪದ 'ಲೆಕ್ಕ'ವಾದ್ದರಿಂದ ರಾಣಿ ಶಾಂತಲೆಯೇ ಆದಳು.

ಕನ್ನಡ ಪದಬಂಧದ ಈ ಗುಣವನ್ನು ಇಂಗ್ಲಿಷ್ ಪದಬಂಧ ಬಿಡಿಸುವವರು ಗಮನಿಸಿರಲಾರರು. ಅಲ್ಲಿ ಒಂದು ಮನೆಗೆ ಒಂದು ಅಕ್ಷರ. ಒಟ್ಟು ಅಕ್ಷರಗಳು ಇಪ್ಪತ್ತಾರು. ಎರಡು ಪದಗಳು ಎಲ್ಲಾದರೂ ಒಂದು ಕಡೆ ಸಂಧಿಸಿಯೇ ಸಂಧಿಸುತ್ತವೆ. ನಮ್ಮಲ್ಲಿ ಮೂವತ್ತನಾಲ್ಕು ವ್ಯಂಜನಗಳಿಗೆ ಹದಿಮೂರು ಸ್ವರಗಳು ಸೇರಿದರೆ ಗುಣಿತಾಕ್ಷರಗಳೇ 442. ಅದರ ಮೇಲೆ ಒತ್ತಕ್ಷರ, ಅನುಸ್ವಾರ. 'ವಿಷ್ಣುವರ್ಧನ' ಎಂಬುದು ಕಣ್ಣಿಗೆ ಉದ್ದವಾಗಿ ಕಂಡರೂ ಐದೇ ಮನೆ: ವಿ, ಷ್ಣು, ವ, ರ್ಧ, ನ. ಅದರ 'ಷ್ಣು' ಎಂಬ ಮನೆಯ ಮೂಲಕ ಕೆಳಗಿಳಿಯಬಲ್ಲ ಇನ್ನೊಂದು ಪದವನ್ನು ಹುಡುಕಿ ನೋಡಿ, ಪದಬಂಧ ರಚಿಸುವವರ ಕಷ್ಟ ತಿಳಿಯುತ್ತದೆ. ಬಸ್ಸನ್ನು 'ಬಸ್' ಎಂದು ಬರೆದರೆ ಕೊನೆಯ 'ಸ್' ಇನ್ನಾವ ಪದಕ್ಕೂ ಸುಲಭವಾಗಿ ಹೊಂದುವುದಿಲ್ಲ. 'ಬಸ್ಸು' ಎಂದರೆ ಹೇಗೋ ನಡೆಯುತ್ತದೆ. ಹೀಗಾಗಿ ನಮ್ಮ ಪದಬಂಧಗಳಲ್ಲಿ ಎರಡು, ಮೂರು, ನಾಲ್ಕು ಅಕ್ಷರದ ಪದಗಳೇ ಹೆಚ್ಚು. ಕೆಲವೊಮ್ಮೆ ಬೇರೆ ದಾರಿ ಕಾಣದೆ ಉತ್ತರವನ್ನೇ ಹಿಂದುಮುಂದಾಗಿಸಿ ಕೂರಿಸುವುದೂ ಉಂಟು. ಇಂಥ ಇಕ್ಕಟ್ಟಿನ ನಡುವೆ ಒಂದೇ ವಿಷಯಕ್ಕೆ ಕಟ್ಟುಬಿದ್ದು ಪದ ಹೆಣೆಯುವವರ ಶ್ರಮದ ಬಗ್ಗೆ ನನಗೆ ಅಪಾರ ಗೌರವವಿದೆ. ನಮ್ಮವರೇ ಆದ ಅ.ನಾ. ಪ್ರಹ್ಲಾದರಾವ್ ಅವರು ರಾಜ್ಯದ ವಾರ್ತಾ ಇಲಾಖೆಯ ಕೆಲಸದ ಜೊತೆಜೊತೆಗೆ ಹತ್ತಾರು ಸಾವಿರ ಪದಬಂಧಗಳನ್ನು ರಚಿಸಿದವರು. ಸರ್ಕಾರಿ ನೌಕರನೊಬ್ಬ ಬಿಡುವಿನ ವೇಳೆಯಲ್ಲಿ ಭಾಷೆಗೆ ಮಾಡಬಹುದಾದ ಸೇವೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ.

ಈಗ ಆ ಐದು ಮನೆಗಳ ವಿಷಯ. ಸುಳಿವು ಹೀಗಿತ್ತು: ಬೇಲೂರಿನ ದೇಗುಲವನ್ನು ನಿರ್ಮಿಸಿದ ಶಿಲ್ಪಿ (5).

ಹುಡುಗಿ ನನ್ನ ಭುಜದ ಮೇಲಿನಿಂದ ಬಗ್ಗಿ ನೋಡಿ, "ಜಕಣಾಚಾರಿ ಅಲ್ವಾ ತಾತ, ಬರೀರಿ" ಎಂದಳು. ಜ, ಕ, ಣಾ, ಚಾ, ರಿ. ಮನೆಗಳು ಸರಿಹೋದವು. ನಾನು ಬರೆಯಲಿಲ್ಲ.

ಜಕಣಾಚಾರಿಯ ಕಥೆ ಕನ್ನಡಿಗರೆಲ್ಲರಿಗೂ ಗೊತ್ತು. ಕೈದಾಳದಿಂದ ಹೊರಟ ಶಿಲ್ಪಿ, ತಂದೆಯನ್ನು ಅರಸುತ್ತ ಬಂದ ಮಗ ಡಂಕಣ, ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂಬ ಸವಾಲು, ಒಳಗಿನಿಂದ ಹೊರಬಿದ್ದ ಕಪ್ಪೆ. ಎಳೆಯ ವಯಸ್ಸಿನಲ್ಲಿ ಈ ಕಥೆ ಕೇಳಿ ಬೇಲೂರಿನ ಕಪ್ಪೆ ಚೆನ್ನಿಗರಾಯನ ಮುಂದೆ ನಿಂತು ಹೊಕ್ಕುಳನ್ನೇ ದಿಟ್ಟಿಸಿದವರಲ್ಲಿ ನಾನೂ ಒಬ್ಬ. ಅದು ಸುಂದರವಾದ ಐತಿಹ್ಯ. ಆದರೆ ಹೊಯ್ಸಳರ ಕಾಲದ ಯಾವ ಶಾಸನವೂ ಬೇಲೂರಿನ ದೇಗುಲವನ್ನು ಕಟ್ಟಿದವನೆಂದು ಈ ಹೆಸರನ್ನು ಹೇಳುವುದಿಲ್ಲ. ಜಕಣಾಚಾರಿ ಎಂಬುದು ಒಬ್ಬ ವ್ಯಕ್ತಿಯ ಹೆಸರೇ ಅಲ್ಲ, ದಕ್ಷಿಣದ ಶಿಲ್ಪಾಚಾರ್ಯರಿಗೆ ಒಟ್ಟಾಗಿ ಸಂದ ಹೆಸರು ಎನ್ನುವವರೂ ಇದ್ದಾರೆ.

ಐತಿಹ್ಯಕ್ಕೆ ಆಧಾರವಿಲ್ಲದಿರುವುದು ವಿಶೇಷವಲ್ಲ. ನಿಜವಾದ ಶಿಲ್ಪಿಗಳ ಹೆಸರುಗಳು ನಮಗೆ ಸಿಕ್ಕಿವೆ ಎಂಬುದು ವಿಶೇಷ. ಪ್ರಾಚೀನ ಭಾರತದ ಎಷ್ಟೋ ಮಹಾಕೃತಿಗಳ ಕೆಳಗೆ ಕೈಯಿಟ್ಟವರ ಹೆಸರಿಲ್ಲ. ಹೊಯ್ಸಳರ ನಾಡು ಇದಕ್ಕೆ ಅಪವಾದ. ಇಲ್ಲಿನ ರೂವಾರಿಗಳು ತಾವು ಕಡೆದ ವಿಗ್ರಹದ ಪೀಠದಲ್ಲಿ ತಮ್ಮ ಹೆಸರನ್ನು ಕೊರೆದರು. ಬೇಲೂರಿನ ಮದನಿಕೆಯರಲ್ಲಿ ಕೆಲವರ ಪಾದದ ಕೆಳಗೆ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ಎದುರಾಳಿ ಶಿಲ್ಪಿಗಳನ್ನು ಕೆಣಕುವ ಬಿರುದುಗಳನ್ನೂ ಅವರು ಜೊತೆಗೆ ಹಾಕಿಕೊಂಡಿದ್ದಾರೆ! ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಬರುತ್ತದೆ. ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯ ಕರ್ನಾಟಿಕ'ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದ್ದು 1902ರಲ್ಲಿ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರು ಬೇಲೂರಿನ ಕೇಶವ ದೇವಾಲಯದ ಮೇಲೆ ಪ್ರತ್ಯೇಕ ಗ್ರಂಥವನ್ನೇ ಹೊರತಂದದ್ದು 1919ರಲ್ಲಿ. ನೂರು ವರ್ಷಗಳಿಗೂ ಹಿಂದಿನಿಂದ ಅಚ್ಚಿನಲ್ಲಿರುವ ಸಂಗತಿ ಇದು. ಆದರೂ ಭಾನುವಾರದ ಪದಬಂಧದ ಮನೆಗಳಲ್ಲಿ ದಾಸೋಜನಿಗೆ ಜಾಗವಿಲ್ಲ. ಅವನು ಮೂರಕ್ಷರದವನು.

ಓದುಗರು ಕೇಳಬಹುದು: ಸಳ ಹುಲಿಯನ್ನು ಕೊಂದದ್ದೂ ಐತಿಹ್ಯವೇ ಅಲ್ಲವೆ, ಆ ಸುಳಿವಿಗೆ ಏಕೆ ತಕರಾರಿಲ್ಲ? ಅಂದಿನ ಪದಬಂಧದಲ್ಲಿ ಸಳನೂ ಇದ್ದ, ಎರಡು ಮನೆಗಳಲ್ಲಿ. ಅವನನ್ನು ನಾನು ಸಂತೋಷದಿಂದಲೇ ತುಂಬಿದೆ. ವ್ಯತ್ಯಾಸವೆಂದರೆ, ಸಳನ ಕಥೆ ಯಾರ ಜಾಗವನ್ನೂ ಕಿತ್ತುಕೊಂಡಿಲ್ಲ. ಜಕಣಾಚಾರಿಯ ಕಥೆಯಾದರೋ, ಉಳಿ ಹಿಡಿದು ದುಡಿದು ಹೆಸರು ಬರೆದಿಟ್ಟು ಹೋದ ಮನುಷ್ಯರನ್ನು ಅವರ ಕೃತಿಯಿಂದಲೇ ಹೊರಗಿಟ್ಟಿದೆ. ಶ್ರಮಜೀವಿಗಳ ಹೆಸರು ಇತಿಹಾಸದಲ್ಲಿ ಉಳಿಯುವುದಿಲ್ಲವೆಂದು ನಾವು ಸಭೆಗಳಲ್ಲಿ ಹಲುಬುತ್ತೇವೆ. ಉಳಿದಿರುವ ಹೆಸರುಗಳನ್ನು ಓದುವ ತಾಳ್ಮೆ ನಮಗಿಲ್ಲ.

"ಮೊಬೈಲ್‌ನಲ್ಲಿ ಹುಡುಕಿದ್ರೂ ಅದೇ ಬರುತ್ತೆ ತಾತ" ಎಂದು ಹುಡುಗಿ ತೋರಿಸಿದಳು. ಬರುತ್ತದೆ, ನಿಜ. ಹೆಚ್ಚು ಜನ ಬರೆದದ್ದು ಮೊದಲು ಬರುತ್ತದೆ. ಮೊದಲು ಬಂದದ್ದನ್ನು ಇನ್ನೂ ಹೆಚ್ಚು ಜನ ಬರೆಯುತ್ತಾರೆ. ಪದಬಂಧ ರಚಿಸಿದವರೂ ಪ್ರಾಯಶಃ ಅಲ್ಲಿಯೇ ನೋಡಿರಬೇಕು.

ಪದಬಂಧದ ಉತ್ತರವನ್ನು ಯಾರು ತೀರ್ಮಾನಿಸಬೇಕು ಎಂಬ ಪ್ರಶ್ನೆ ನಮ್ಮ ದೇಶದಲ್ಲಿ ಒಮ್ಮೆ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೇ ಏರಿತ್ತು. ಇಂದಿನ ಓದುಗರಿಗೆ ಇದು ಅಷ್ಟಾಗಿ ಪರಿಚಿತವಿರಲಾರದು. 1950ರ ದಶಕದಲ್ಲಿ ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿ ಕಚೇರಿ ಹೊಂದಿದ್ದ ಆರ್.ಎಂ.ಡಿ.ಸಿ. ಎಂಬ ಕಂಪನಿ 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆಯ ಮೂಲಕ ಬಹುಮಾನದ ಪದಬಂಧಗಳನ್ನು ನಡೆಸುತ್ತಿತ್ತು. ಪ್ರವೇಶ ಶುಲ್ಕ ಕಟ್ಟಿ, ತುಂಬಿದ ಹಾಳೆಯನ್ನು ಕಳುಹಿಸಬೇಕು. ಮುಂಬಯಿ ಪ್ರಾಂತದ ಓದುಗರೂ ಇದರಲ್ಲಿ ಭಾಗವಹಿಸುತ್ತಿದ್ದರು. ಮುಂಬಯಿ ಸರ್ಕಾರ ತನ್ನ 1948ರ ಕಾಯಿದೆಗೆ 1952ರಲ್ಲಿ ತಿದ್ದುಪಡಿ ತಂದು, ಹೊರಗಿನಿಂದ ಬರುವ ಇಂತಹ ಪತ್ರಿಕೆಗಳ ಸ್ಪರ್ಧೆಗಳಿಗೂ ತೆರಿಗೆ ವಿಧಿಸಿತು. ಮೊಕದ್ದಮೆ ಹೈಕೋರ್ಟಿನಲ್ಲಿ ಕಂಪನಿಯ ಪರವಾಯಿತು. ಸರ್ಕಾರದ ಮೇಲ್ಮನವಿಯ ಮೇಲೆ 1957ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಪರವಾಗಿ ತೀರ್ಪಿತ್ತಿತು. ಜೂಜು ವ್ಯಾಪಾರವಲ್ಲ, ಆದ್ದರಿಂದ ವ್ಯಾಪಾರಕ್ಕೆ ಸಂವಿಧಾನ ಕೊಟ್ಟಿರುವ ರಕ್ಷಣೆ ಅದಕ್ಕೆ ದೊರೆಯದು ಎಂಬುದು ಆ ತೀರ್ಪಿನ ತಿರುಳು. ಅದೇ ಸಂಸ್ಥಾಪಕರ ಇನ್ನೊಂದು ಪ್ರಕರಣದಲ್ಲಿ, ಕೇಂದ್ರದ 1955ರ ಬಹುಮಾನ ಸ್ಪರ್ಧೆಗಳ ಕಾಯಿದೆ ಅದೃಷ್ಟವನ್ನು ಅವಲಂಬಿಸಿದ ಸ್ಪರ್ಧೆಗಳಿಗೆ ಮಾತ್ರ ಅನ್ವಯಿಸುತ್ತದೆ, ಕೌಶಲದ ಸ್ಪರ್ಧೆಗಳಿಗಲ್ಲ ಎಂದು ನ್ಯಾಯಾಲಯ ಗೆರೆ ಎಳೆಯಿತು. ಆ ಗೆರೆಯ ಮೇಲೆ ಇಂದಿಗೂ ಆನ್‌ಲೈನ್ ಆಟಗಳ ಮೊಕದ್ದಮೆಗಳಲ್ಲಿ ವಾದ ನಡೆಯುತ್ತದೆ.

ಕೌಶಲ ಯಾವುದು, ಅದೃಷ್ಟ ಯಾವುದು? ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇದರ ಲೆಕ್ಕ ಸರಳವಾಗಿ ಕಾಣುತ್ತದೆ. ಒಂದು ಸುಳಿವಿಗೆ ಸಮನಾಗಿ ಹೊಂದುವ ಎರಡು ಪದಗಳಿದ್ದು, ಯಾವುದು ಸರಿಯೆಂಬುದನ್ನು ಪತ್ರಿಕೆ ಮೊದಲೇ ತೀರ್ಮಾನಿಸಿ ಮುಚ್ಚಿಟ್ಟಿದ್ದರೆ, ಅಂಥ ಹತ್ತು ಸುಳಿವುಗಳನ್ನು ತುಂಬುವ ಬಗೆಗಳು 1,024. ಪಂಡಿತನಿಗೂ ಪಾಮರನಿಗೂ ಗೆಲುವಿನ ಅವಕಾಶ ಒಂದೇ. ಅಲ್ಲಿ ಬಲ್ಲವನಿಗೆ ಬೆಲೆಯಿಲ್ಲ. ಇಟ್ಟವರ ಮನಸ್ಸಿನಲ್ಲಿ ಏನಿದೆಯೆಂದು ಊಹಿಸಬಲ್ಲವನಿಗೆ ಬೆಲೆ. ಹಣವಿಲ್ಲದ ಭಾನುವಾರದ ಪದಬಂಧವನ್ನು ನಾನು ಜೂಜೆಂದು ಕರೆಯುತ್ತಿಲ್ಲ. ಆದರೆ ಬೇಲೂರಿನ ಶಿಲ್ಪಿಯ ಸುಳಿವಿನಲ್ಲಿ ಆಗಿದ್ದು ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಅಲ್ಲಿ ಬಲ್ಲವನು ಸೋಲುತ್ತಾನೆ, ಅಥವಾ ಗೊತ್ತಿದ್ದೂ ತಪ್ಪನ್ನು ಬರೆಯುತ್ತಾನೆ.

ಈ ಎರಡನೆಯ ದಾರಿ ಸರ್ಕಾರಿ ಸೇವೆಯಲ್ಲಿ ಇದ್ದವರಿಗೆ ಹೊಸದಲ್ಲ. ಒಮ್ಮೆ ನೀರಿನ ಮೂಲಗಳ ಗಣತಿಯ ನಮೂನೆಯೊಂದನ್ನು ತುಂಬಿಸುವ ಹೊಣೆ ನನ್ನ ಮೇಲಿತ್ತು. ತೆರೆದ ಬಾವಿ, ಕೊಳವೆ ಬಾವಿ, ಕೆರೆ, ಇತರೆ ಎಂಬ ಅಂಕಣಗಳು. ಎಂಟು ಶತಮಾನ ಹಳೆಯ ಕಲ್ಯಾಣಿಯನ್ನು ಎಲ್ಲಿ ಬರೆಯಬೇಕೆಂದು ಗ್ರಾಮ ಲೆಕ್ಕಿಗರೊಬ್ಬರು ಕೇಳಿದರು. 'ಇತರೆ' ಎಂದೆ. ಆಮೇಲೆ ಆ ಅಂಕಣದ ಮೊತ್ತವನ್ನು ಯಾರೂ ಕೇಳಲಿಲ್ಲ, ದುರಸ್ತಿಯ ಅನುದಾನ ಬಂದದ್ದು ಮೊದಲ ಮೂರು ಅಂಕಣಗಳಿಗೆ. ಮನೆಗಳನ್ನು ಮೊದಲು ಎಳೆದು ಆಮೇಲೆ ಲೋಕವನ್ನು ಅದರೊಳಗೆ ತುಂಬಿಸುವ ಕೆಲಸದಲ್ಲಿ ನಾನೂ ಪಾಲುದಾರ. ಆದ್ದರಿಂದ ಪದಬಂಧ ರಚಿಸಿದವರನ್ನು ದೂರುವ ನೈತಿಕ ಹಕ್ಕು ನನಗೆ ಅರ್ಧದಷ್ಟೇ ಇದೆ.

ಪತ್ರಿಕೆಗೆ ಒಂದು ಕಾಗದ ಬರೆದೆ. ಮರುವಾರ ಉತ್ತರ ಅಚ್ಚಾಯಿತು, ಜಕಣಾಚಾರಿಯೆಂದೇ. ಕಾಗದ ಅಚ್ಚಾಗಲಿಲ್ಲ. ಪರಿಚಿತ ಪತ್ರಕರ್ತರೊಬ್ಬರು, "ಸಾರ್, ಪದಬಂಧದ ವಿಷಯಕ್ಕೆಲ್ಲ ಯಾರು ತಲೆ ಕೆಡಿಸಿಕೊಳ್ಳುತ್ತಾರೆ" ಎಂದರು. ಅವರ ವಾದದಲ್ಲಿ ಹುರುಳಿಲ್ಲವೆಂದಲ್ಲ. ಪದಬಂಧವೆಂದರೆ ಎಲ್ಲರಿಗೂ ಗೊತ್ತಿರುವುದರ ಆಟ. ದಾಸೋಜನನ್ನು ಕೇಳಿದರೆ ನೂರಕ್ಕೆ ತೊಂಬತ್ತು ಮಂದಿ ಪುಟ ಮಡಿಚಿಡುತ್ತಾರೆ ಎಂಬ ಭಯ ಅವರದು. ಆದರೆ ತಲೆ ಕೆಡಿಸಿಕೊಳ್ಳುವವರಿದ್ದಾರೆ. ಪತ್ರಿಕೆಯ ಇತರ ಬರಹಗಳನ್ನು ಜನ ಕಣ್ಣಾಡಿಸಿ ಬಿಡುತ್ತಾರೆ. ಪದಬಂಧದಲ್ಲಿ ಬರುವ ಸಂಗತಿಯನ್ನು ತಮ್ಮ ಕೈಯಾರೆ ಬರೆಯುತ್ತಾರೆ. ಅಜ್ಜನೂ ಮೊಮ್ಮಗಳೂ ಒಂದೇ ಪುಟದ ಮೇಲೆ ಬಗ್ಗುವ ಪ್ರಸಂಗ ಈಗ ಮನೆಗಳಲ್ಲಿ ಬೇರೆ ಎಷ್ಟಿದೆ? ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಇಂಥ ಪದಬಂಧಗಳನ್ನು ಕತ್ತರಿಸಿ ಇಟ್ಟುಕೊಳ್ಳುವುದನ್ನು ನಾನೇ ನೋಡಿದ್ದೇನೆ. ಕೈಯಾರೆ ಬರೆದ ತಪ್ಪು ಕಣ್ಣಾರೆ ಓದಿದ ತಪ್ಪಿಗಿಂತ ಗಟ್ಟಿಯಾಗಿ ಉಳಿಯುತ್ತದೆ.

ಪತ್ರಿಕೆಗಳು ಪದಬಂಧವನ್ನು ಕೀಳಾಗಿ ಕಾಣುವುದಕ್ಕೆ ಹಳೆಯ ಇತಿಹಾಸವಿದೆ. ಆರ್ಥರ್ ವಿನ್ ಎಂಬಾತ 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ವಜ್ರಾಕಾರದ ಮೊದಲ ಪದಬಂಧವನ್ನು ಪ್ರಕಟಿಸಿದಾಗ ಅದು ಪುಟ ತುಂಬುವ ಸಾಮಗ್ರಿಯಾಗಿತ್ತು. 1924ರಲ್ಲಿ ಅಮೆರಿಕದಲ್ಲಿ ಇದರ ಹುಚ್ಚು ಹರಡಿದಾಗ 'ನ್ಯೂಯಾರ್ಕ್ ಟೈಮ್ಸ್' ಇದನ್ನು ಕಾಲಹರಣವೆಂದು ಹೀಗಳೆಯಿತು. ಅದೇ ಪತ್ರಿಕೆ 1942ರಲ್ಲಿ, ಯುದ್ಧದ ಸುದ್ದಿಯಿಂದ ಬಳಲಿದ ಓದುಗರಿಗಾಗಿ ತನ್ನದೇ ಪದಬಂಧ ಆರಂಭಿಸಿತು. ಆರಂಭಿಸಿದಾಗ ಮಾರ್ಗರೆಟ್ ಫರಾರ್ ಎಂಬ ಮಹಿಳೆಯನ್ನು ಅದರ ಸಂಪಾದಕಿಯಾಗಿ ನೇಮಿಸಿತು. ಗಮನಿಸಬೇಕಾದದ್ದು ಈ ಕೊನೆಯ ಸಂಗತಿ. ಪದಬಂಧಕ್ಕೂ ಒಬ್ಬ ಸಂಪಾದಕರು ಬೇಕು: ಸುಳಿವು ನ್ಯಾಯವಾಗಿದೆಯೆ, ಉತ್ತರ ನಿಜವೆ ಎಂದು ರಚಿಸಿದವರಲ್ಲದ ಇನ್ನೊಂದು ಜೊತೆ ಕಣ್ಣು ನೋಡಬೇಕು. ಕನ್ನಡದ ಪತ್ರಿಕೆಗಳಲ್ಲಿ ಈ ಕೆಲಸಕ್ಕೆ ಪೂರ್ಣಾವಧಿಯ ಹುದ್ದೆ ಬೇಕೆಂದು ನಾನು ಕೇಳುವುದಿಲ್ಲ. ರಚಿಸಿದವರ ಹೆಸರು ಅಚ್ಚಾಗಲಿ, ಅವರಿಗೆ ತಕ್ಕ ಸಂಭಾವನೆ ಸಲ್ಲಲಿ, ಇತಿಹಾಸದ್ದೋ ವಿಜ್ಞಾನದ್ದೋ ವಿಷಯವಿದ್ದಾಗ ಬಲ್ಲವರೊಬ್ಬರಿಗೆ ತೋರಿಸಲಿ, ತಪ್ಪಾದರೆ ಸುದ್ದಿಯ ತಪ್ಪಿಗೆ ಹಾಕುವಂತೆ ತಿದ್ದುಪಡಿ ಹಾಕಲಿ.

ಬೇಲೂರಿನ ಸುಳಿವನ್ನು ಸರಿಪಡಿಸಲು ದೊಡ್ಡ ಸಂಶೋಧನೆಯೇನೂ ಬೇಕಿರಲಿಲ್ಲ. 'ಐತಿಹ್ಯದ ಪ್ರಕಾರ' ಎಂದು ಎರಡು ಪದ ಸೇರಿಸಿದ್ದರೆ ಸಾಕಾಗಿತ್ತು. ಜಕಣಾಚಾರಿ ತನ್ನ ಐದು ಮನೆಗಳಲ್ಲಿ ಗೌರವದಿಂದಲೇ ಇರುತ್ತಿದ್ದ. ರಾಜ್ಯ ಸರ್ಕಾರ ಶಿಲ್ಪಿಗಳಿಗೆ ಅವನ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಿರುವಾಗ ಅವನನ್ನು ಅಳಿಸಿಹಾಕುವ ಆಸೆ ನನಗಿಲ್ಲ. ಇನ್ನೂ ಸ್ವಲ್ಪ ಶ್ರಮವಹಿಸಿದ್ದರೆ ಮಗ್ಗುಲಲ್ಲೇ ಇನ್ನೊಬ್ಬನಿಗೂ ಜಾಗವಿತ್ತು. ಕೊಳದ ಮೆಟ್ಟಿಲ ಮೇಲೆ ಕುಳಿತು ಪತ್ರಿಕೆಯ ಅಂಚಿನಲ್ಲಿ ಗೀಚುತ್ತಿದ್ದಾಗ ಇದು ಹೊಳೆಯಿತು. ಜಕಣಾಚಾರಿಯ ನಾಲ್ಕನೆಯ ಮನೆ 'ಚಾ'. ಅಲ್ಲಿಂದ ಕೆಳಕ್ಕೆ ಇಳಿದರೆ ಚಾವಣ! ದಾಸೋಜನ ಮಗ ಒಂದು ಅಕ್ಷರವನ್ನು ಹಂಚಿಕೊಂಡು ಐತಿಹ್ಯದ ಜೊತೆಗೇ ನಿಲ್ಲಬಲ್ಲ. (ಚಾವಣನ 'ಣ'ವನ್ನು ಜಕಣಾಚಾರಿಯ 'ಣಾ' ಜೊತೆ ಕೂಡಿಸಲು ಹೋದರೆ ಮಾತ್ರ ಆಗದು, ದೀರ್ಘ ಅಡ್ಡ ಬರುತ್ತದೆ.)

ಹುಡುಗಿಗೆ ಇದನ್ನು ತೋರಿಸಿದೆ. ಅವಳಿಗೆ ಹುಮ್ಮಸ್ಸು ಬಂತು. ಅಂದಿನಿಂದ ಇಬ್ಬರೂ ಸೇರಿ ನಮ್ಮದೇ ಒಂದು ಪದಬಂಧ ಹೆಣೆಯುತ್ತಿದ್ದೇವೆ, ಬಿಟ್ಟು ಬಿಟ್ಟು ಮೂರು ತಿಂಗಳಾಯಿತು. ಅರಸೀಕೆರೆಯ 'ರ'ದಲ್ಲಿ ದೋರಸಮುದ್ರ ಸಿಕ್ಕಿತು. ರೂವಾರಿಯನ್ನು ಜಕಣಾಚಾರಿಯ ಕೊನೆಯ ಮನೆಗೆ ಇಳಿಸಿದ್ದು ಅವಳೇ. ಮದನಿಕೆಯ 'ಕೆ' ಹಿಡಿದು ಹುಲಿಕೆರೆ ಎಂಬ ನಾಲ್ಕು ಮನೆಗಳನ್ನೂ ಬರೆದಳು. ಅದಕ್ಕೆ ಸುಳಿವು ಏನು ಕೊಡುವುದೆಂದು ಕೇಳಿದೆ. "ಮೆಟ್ಟಿಲು ಕೊಳ ಇರೋ ಊರು" ಎಂದಳು. ಮೆಟ್ಟಿಲು ಕೊಳಗಳಿರುವ ಊರುಗಳು ಕರ್ನಾಟಕದಲ್ಲಿ ಹಲವಿವೆ, ಇನ್ನೊಂದು ಉತ್ತರಕ್ಕೆ ಎಡೆಯಿಲ್ಲದಂತೆ ಬರೆಯಬೇಕು ಎಂದೆ. ಸ್ವಲ್ಪ ಹೊತ್ತು ಯೋಚಿಸಿ, ಪೆನ್ನನ್ನು ನನ್ನ ಕೈಗಿತ್ತು, ಗುಡಿಗಳನ್ನು ಸರಿಯಾಗಿ ಎಣಿಸಿಕೊಂಡು ಬರುತ್ತೇನೆಂದು ಕೊಳಕ್ಕೆ ಇಳಿದಳು.